ವಿವೇಚನೆ ಎಂಬ ಮೊರ

(ಉಪನ್ಯಾಸದ ಬರಹರೂಪ)



ಒಕ್ಕಣೆಯಾದ ಭತ್ತವನ್ನು ಮೊರದಲ್ಲಿ ಕೇರಿದಾಗ ಜೊಳ್ಳು ಹಾರಿಹೋಗಿ ಗಟ್ಟಿಕಾಳು ಉಳಿಯುತ್ತದೆ. ‘ವಿವೇಕ’, ‘ವಿವೇಚನೆ’ ಎಂಬ ಪದಗಳ ಮೂಲಧಾತುವಿನ ಅರ್ಥವೂ ಬೇರ್ಪಡಿಸುವುದು ಎಂದೇ. ಆದರೆ ಸರ್ಕಾರಿ ಕಡತಗಳಲ್ಲಿ ‘ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು’ ಎಂದು ಬರೆದೊಡನೆ ಆ ಪದಕ್ಕೆ ಬೇರೆಯೇ ಅರ್ಥ ಬಂದುಬಿಡುತ್ತದೆ: ಮನಬಂದಂತೆ ಮಾಡಬಹುದು, ಯಾರೂ ಕೇಳುವಂತಿಲ್ಲ!

ಬೆಂಗಳೂರಿನ ದಂಡು ಪ್ರದೇಶದ ರಿಚರ್ಡ್ಸ್ ಟೌನ್ ಹಳೆಯ ಬಂಗಲೆಗಳ, ಹಳೆಯ ಮರಗಳ ಬಡಾವಣೆ. ಅಲ್ಲಿನ ರಸ್ತೆಯಂಚಿನ ಒಂದು ಮುದಿ ಮಳೆಮರದ ಕಾಂಡದಲ್ಲಿ ಪೊಟರೆ ಬಿದ್ದಿದೆಯೆಂದು ಭಾವಿಸೋಣ. ಅದು ಬಿದ್ದೀತೆಂಬ ಭಯ ಒಂದು ಮನೆಯವರಿಗೆ; ಅದರ ನೆರಳು ಹೋದೀತೆಂಬ ಅಳಲು ಎದುರು ಮನೆಯವರಿಗೆ. ‘ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976’ರ 8ನೆಯ ಕಲಮಿನಂತೆ ವೃಕ್ಷಾಧಿಕಾರಿಯು ಮರವನ್ನು ಪರಿಶೀಲಿಸಿ, ಅಗತ್ಯವಾದ ವಿಚಾರಣೆ ನಡೆಸಿ, ಲಿಖಿತ ಆದೇಶ ನೀಡಬೇಕು. ಮರ ಸತ್ತಿದೆಯೇ, ರೋಗಗ್ರಸ್ತವೇ, ಪ್ರಾಣಕ್ಕೋ ಆಸ್ತಿಗೋ ಅಪಾಯಕಾರಿಯೇ ಎಂಬುದನ್ನು ಆತನೇ ನಿರ್ಣಯಿಸಬೇಕು. ಮರಗಳ ಸಂಖ್ಯೆ ಐವತ್ತನ್ನು ಮೀರಿದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಅದಕ್ಕಿಂತ ಕಡಿಮೆಯಿದ್ದಲ್ಲಿ ಕಾಯ್ದೆಯು ಅಂಥ ಪ್ರಕಟಣೆಯನ್ನು ವಿಧಿಸಿಲ್ಲ. ಹೀಗಾಗಿ ಒಂಟಿ ಮರಕ್ಕೆ ಅಧಿಕಾರಿಯ ವಿವೇಚನೆಯೇ ಮೊದಲ ಕಾವಲು.

ಈ ಕಾವಲು ಹೇಗಿರಬೇಕು? ಮರದ ಜೀವಂತ ಅಂಗಾಂಶವಿರುವುದು ತೊಗಟೆಯ ಅಡಿಯಲ್ಲಿ. ನಡುವಿನ ತಿರುಳು ಬಹುಮಟ್ಟಿಗೆ ನಿರ್ಜೀವ. ಆದುದರಿಂದ ಪೊಟರೆ ಬಿದ್ದ ಮರವೆಲ್ಲ ಸತ್ತ ಮರವಲ್ಲ. ಸುತ್ತಲಿನ ಗೋಡೆ ದಪ್ಪವಾಗಿದ್ದರೆ ಅದು ಬಹುಕಾಲ ನಿಲ್ಲಬಲ್ಲದು. ಇತ್ತ, ಹಸುರು ತುಂಬಿ ನಿಂತ ಮರದ ಬೇರುಗಳು ಚರಂಡಿಗಾಗಿಯೋ ಕೇಬಲ್ಲಿಗಾಗಿಯೋ ಒಂದು ಬದಿಯಲ್ಲಿ ಕತ್ತರಿಸಲ್ಪಟ್ಟಿದ್ದರೆ, ಮುಂಗಾರುಪೂರ್ವದ ಒಂದೇ ಗಾಳಿಗೆ ಅದು ಉರುಳಬಹುದು. ಮೊದಲನೆಯದನ್ನು ಕಡಿದು ಎರಡನೆಯದನ್ನು ಉಳಿಸಿದರೆ ಅದು ನಿಯಮ ಪಾಲನೆಯಂತೆ ಕಾಣುತ್ತದೆ, ವಿವೇಚನೆಯಾಗುವುದಿಲ್ಲ. ಕೊಂಬೆಯೊಂದನ್ನು ಇಳಿಸಿದರೆ ಸಾಕೇ, ಬುಡದ ಕಾಂಕ್ರೀಟನ್ನು ಒಡೆದರೆ ಸಾಕೇ ಎಂಬ ಪ್ರಶ್ನೆಗಳನ್ನು ಕೇಳದೆ ಕೊಡಲಿಗೆ ಒಪ್ಪಿಗೆ ನೀಡುವುದು ಸೋಮಾರಿತನ. ನಿಜಕ್ಕೂ ಬೀಳಲಿರುವ ಮರವನ್ನು ಪ್ರತಿಭಟನೆಗೆ ಅಂಜಿ ಹಾಗೆಯೇ ಬಿಡುವುದೂ ವಿವೇಕವಲ್ಲ. ಅದರ ಬೆಲೆಯನ್ನು ತೆರುವವನು ಕೆಳಗೆ ನಡೆದುಹೋಗುವ ದಾರಿಹೋಕ.

ಈ ತತ್ತ್ವವು ಹಳೆಯದು. 1598ರಲ್ಲಿ ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡವನ್ನು ದುರಸ್ತಿ ಮಾಡಿಸಿದ ಅಧಿಕಾರಿಗಳು ಇಡೀ ವೆಚ್ಚವನ್ನು ದಡದ ಪಕ್ಕದ ಒಬ್ಬನೇ ಜಮೀನುದಾರನ ಮೇಲೆ ಹೇರಿದರು; ಪ್ರವಾಹದಿಂದ ರಕ್ಷಣೆ ಪಡೆದವರು ಹಲವರಿದ್ದರು. ‘ರೂಕ್ ಪ್ರಕರಣ’ವೆಂದು ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಾಲಯವು, ಅಧಿಕಾರಿಗೆ ವಿವೇಚನೆಯನ್ನು ಕೊಟ್ಟಿದ್ದರೂ ಅದು ಯುಕ್ತಿ ಮತ್ತು ಕಾನೂನುಗಳ ಎಲ್ಲೆಯೊಳಗೇ ಇರಬೇಕು, ಸ್ವಂತ ಇಚ್ಛೆಯನ್ನು ಅನುಸರಿಸತಕ್ಕದ್ದಲ್ಲ ಎಂಬ ನಿಲುವನ್ನು ತಾಳಿತು.

ಮಲೆನಾಡಿಗರಿಗೆ ಇದನ್ನು ಅರಿಯಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವಿದೆ. ಅದರ ಮೇಲೆ ಬೆಳೆಗಾರನಿಗಿರುವುದು ಒಡೆತನವಲ್ಲ, ಸೊಪ್ಪು ತರುವ ಸವಲತ್ತು. ಯಾವ ಮರವನ್ನು ಈ ವರ್ಷ ಸವರಬೇಕು, ಯಾವುದಕ್ಕೆ ಬಿಡುವು ಕೊಡಬೇಕು, ತುದಿಯ ಕುಡಿಯನ್ನು ಎಷ್ಟು ಉಳಿಸಬೇಕು ಎಂಬುದನ್ನು ಬಲ್ಲವನ ಬೆಟ್ಟ ಹಸುರಾಗಿದೆ. ಸಿಕ್ಕಿದ್ದನ್ನೆಲ್ಲ ಬೋಳಿಸಿದವನ ಬೆಟ್ಟ ಬರಿದಾಗಿದೆ. ಇಬ್ಬರಿಗೂ ಇದ್ದ ಹಕ್ಕು ಒಂದೇ.

ಅಧಿಕಾರಿಯ ವಿವೇಚನೆಯೂ ಅಂಥದೊಂದು ಸವಲತ್ತು. ಸಮಾಜವು ಅದನ್ನು ನಂಬಿಕೆಯ ಮೇಲೆ ಕೊಟ್ಟಿದೆ. ಆದುದರಿಂದ ನಾಗರಿಕರು ಕೇಳಬೇಕಾದ ಪ್ರಶ್ನೆಗಳು ಮೂರು: ಮರವನ್ನು ಕಣ್ಣಾರೆ ನೋಡಿದ್ದೀರಾ? ಬೇರೆ ದಾರಿಗಳನ್ನು ತೂಗಿದ್ದೀರಾ? ಕಾರಣವನ್ನು ಬರೆದಿದ್ದೀರಾ? ಆದೇಶವನ್ನು ಮೊರಕ್ಕೆ ಹಾಕಿ ಕೇರಿದಾಗ ಕಾಳು ಉಳಿಯಬೇಕು. ಬರೀ ಜೊಳ್ಳು ಹಾರಿದರೆ, ಆ ಮರದ ಬುಡದಲ್ಲಿ ನಿಂತು ಮತ್ತೊಮ್ಮೆ ಕೇಳುವ ಹೊಣೆ ಊರಿನದು.