ಗೂಡು ಕರಗಿಸುವವರು ಬಂದಿದ್ದಾರೆ



ಗೂಡಿನ ದರದ ಬಗ್ಗೆ ಮಾತಾಡಲು ಸೇರಿದ್ದೇವೆ. ನಡುವೆ ವಿಜ್ಞಾನದ ಮಾತು ಯಾಕೆ ಅಂತ ಕೇಳಬಹುದು. ಕಾರಣ ಇದೆ. ಇವತ್ತಿನವರೆಗೆ ನಮ್ಮ ಗೂಡಿಗೆ ಬೆಲೆ ಕಟ್ಟುತ್ತಾ ಬಂದವನು ರೀಲರ್. ಅವನ ಲೆಕ್ಕ ಒಂದೇ: ಎಷ್ಟು ಕೆಜಿ ಗೂಡು ಬಿಚ್ಚಿದರೆ ಒಂದು ಕೆಜಿ ನೂಲು ಬರುತ್ತೆ? ಎಳೆ ಕಡಿಯುತ್ತೆ ಅಂದನೋ, ದರ ಬಿತ್ತು. ಊಜಿ ನೊಣದ ಮರಿ ತೂತು ಕೊರೆದ ಗೂಡು, ಎರಡು ಹುಳ ಸೇರಿ ಕಟ್ಟಿದ ಗೂಡು, ಇವನ್ನೆಲ್ಲ ಬೇರೆ ರಾಶಿ ಮಾಡಿ, ಕೇಳಿದ ಬೆಲೆಗೆ ಕೊಟ್ಟು ಬರುತ್ತೇವೆ.

ಈಗ ನೂಲೇ ಬೇಡ ಅನ್ನುವ ಜನ ಹುಟ್ಟಿದ್ದಾರೆ. ಅಮೆರಿಕದ ಬೋಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್, ಫಿಯೊರೆಂಜೊ ಒಮೆನೆಟ್ಟೊ ಮತ್ತು ಅವರ ಸಂಗಡಿಗರು ಗೂಡನ್ನು ಕರಗಿಸುತ್ತಾರೆ. ಗೂಡು ಕತ್ತರಿಸಿ, ಒಳಗಿನ ಹುಳ ತೆಗೆದು, ಸೋಡಾ ನೀರಿನಲ್ಲಿ ಅರ್ಧ ಗಂಟೆ ಕುದಿಸುತ್ತಾರೆ. ಅಂಟು ಬಿಟ್ಟುಹೋಗುತ್ತದೆ. ಉಳಿದ ನಾರು ಫೈಬ್ರಾಯಿನ್ ಎಂಬ ಪ್ರೋಟೀನು. ಅದನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ನೀರಿನಲ್ಲಿ ಬಿಸಿಯಿಟ್ಟು ಕರಗಿಸಿ, ಆ ಉಪ್ಪನ್ನು ಬೇರ್ಪಡಿಸಿದರೆ ಕೈಗೆ ಸಿಗುವುದು ರೇಷ್ಮೆಯ ನೀರು! ಹಣ್ಣಾದ ಹುಳದ ಹೊಟ್ಟೆಯಲ್ಲಿ ಇದ್ದದ್ದೂ ಇಂಥದೇ ದ್ರವ. ಚಂದ್ರಿಕೆಯಲ್ಲಿ ಹುಳ ತಲೆಯಾಡಿಸಿ ಎಳೆದಾಗ ಅದು ಗಟ್ಟಿಯಾಗಿ ಎಳೆಯಾಯಿತು. ಇವರು ಎಳೆಯನ್ನು ಮತ್ತೆ ನೀರು ಮಾಡಿದರು, ಅಷ್ಟೇ.

(ಆ ತಲೆಯಾಡಿಸುವುದರಲ್ಲೂ ಒಂದು ಗುಟ್ಟಿದೆ. ಹುಳ ಅಲುಗದಂತೆ ಹಿಡಿದು ಒಂದೇ ವೇಗದಲ್ಲಿ ಎಳೆ ಎಳೆದರೆ ನಮ್ಮ ರೇಷ್ಮೆಯೂ ಜೇಡನ ನೂಲಿನ ಸಮಕ್ಕೆ ಬರುತ್ತದೆಂದು ಷಾವೊ ಮತ್ತು ವೋಲ್ರಾತ್ 2002ರಲ್ಲಿ ತೋರಿಸಿದರು.)

ಈ ನೀರಿನಿಂದ ಏನು ಮಾಡುತ್ತಾರೆ? ತೆಳುವಾದ ಹಾಳೆ, ಸ್ಪಂಜು, ಮುರಿದ ಮೂಳೆಗೆ ಹಾಕುವ ತಿರುಪು. 2014ರಲ್ಲಿ ಇಂಥ ತಿರುಪುಗಳನ್ನು ಇಲಿಗಳ ಮೂಳೆಗೆ ಹಾಕಿ ನೋಡಿದರು. ಇವು ಮೈಯಲ್ಲೇ ನಿಧಾನವಾಗಿ ಕರಗುವಂಥವು. ಲೋಹದ್ದಾದರೆ ತೆಗೆಯಲು ಮತ್ತೆ ಆಪರೇಷನ್ ಬೇಕಾದೀತು. 2012ರಲ್ಲಿ ದಡಾರದ ಲಸಿಕೆಯನ್ನು ರೇಷ್ಮೆಯಲ್ಲಿ ಸೇರಿಸಿ ಒಣಗಿಸಿಟ್ಟರು. 45 ಡಿಗ್ರಿ ಬಿಸಿಯಲ್ಲಿ ಆರು ತಿಂಗಳಾದರೂ ಬಹುಪಾಲು ಸತ್ವ ಉಳಿದಿತ್ತು. ಕರೆಂಟು ಕೈಕೊಡುವ ಹಳ್ಳಿಯವರಿಗೆ ಇದರ ಬೆಲೆ ಹೇಳಬೇಕೆ? 2016ರಲ್ಲಿ ಸ್ಟ್ರಾಬೆರಿಗೆ ಈ ನೀರಿನ ತೆಳು ಲೇಪ ಕೊಟ್ಟರು. ಫ್ರಿಜ್ಜಿಲ್ಲದೆ ವಾರ ಕಳೆದರೂ ಹಣ್ಣು ಗಟ್ಟಿಯಾಗಿತ್ತು.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಒಳ್ಳೆಯ ದ್ವಿತಳಿ ಗೂಡು ಒಂದು ಕೆಜಿ ತೂಗಿದರೆ ಅದರಲ್ಲಿ ಚಿಪ್ಪು ಸುಮಾರು 200 ಗ್ರಾಂ, ಮಿಕ್ಕದ್ದು ಹುಳ. ಚಿಪ್ಪಿನಲ್ಲಿ ಕಾಲು ಭಾಗಕ್ಕೂ ತುಸು ಹೆಚ್ಚು ಅಂಟು ಹೋದರೆ 140 ಗ್ರಾಂ ಪ್ರೋಟೀನು. ತೂತು ಬಿದ್ದ ಗೂಡಿನ ಚಿಪ್ಪಿನಲ್ಲೂ ಇರುವುದು ಅದೇ ಪ್ರೋಟೀನು. ಕತ್ತರಿಸಿ ಕರಗಿಸುವವನಿಗೆ ಎಳೆ ಕಡಿದರೇನು, ಬಿಟ್ಟರೇನು? ಹುಳ ಒಳಗೇ ಕೊಳೆತು ಕಪ್ಪಾದ ಗೂಡಿನ ಮಾತು ಬೇರೆ. ಔಷಧಿಗೆ ಅದು ನಡೆಯುವುದಿಲ್ಲ.

ಹಾಗಂತ ಸಾಲ ಮಾಡಿ ಇನ್ನೆರಡು ಎಕರೆ ಸೊಪ್ಪು ನೆಡಬೇಡಿ. ಲಸಿಕೆಗೆ, ತಿರುಪಿಗೆ ಬೇಕಾಗುವ ರೇಷ್ಮೆ ಗ್ರಾಮಿನ ಲೆಕ್ಕದ್ದು, ಸೀರೆಯ ಲೆಕ್ಕದ್ದಲ್ಲ. ಮೇಲಾಗಿ ಜಪಾನಿನ ಸ್ಪೈಬರ್‌ನಂಥ ಕಂಪನಿಗಳು ಹುಳವೇ ಇಲ್ಲದೆ, ಸೂಕ್ಷ್ಮಜೀವಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ರೇಷ್ಮೆಯಂಥ ಪ್ರೋಟೀನು ತೆಗೆಯುತ್ತಿವೆ.

ಆದರೂ ಈ ವಿಷಯ ನಿಮ್ಮ ಕಿವಿಗೆ ಬೀಳಲೇಬೇಕು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿದಾಗ ನಮ್ಮ ಗೂಡಿನ ದರ ಹೇಗೆ ನೆಲಕಚ್ಚಿತು, ನೆನಪಿದೆಯಲ್ಲ? ಕೊಳ್ಳುವವರೆಲ್ಲ ನೂಲಿನವರೇ ಆದ್ದರಿಂದ ನಮಗೆ ಬೇರೆ ಬಾಗಿಲೇ ಇರಲಿಲ್ಲ. ನಾಳೆ ಯಾರಾದರೂ ತೂತು ಗೂಡು ಹುಡುಕಿಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದರೆ, ಯಾವ ಕೆಲಸಕ್ಕೆ ಅಂತ ಮೊದಲು ಕೇಳಿ. ಕರಗಿಸಲಿಕ್ಕೆ ಅಂದರೆ ಕಸದ ದರಕ್ಕೆ ಒಪ್ಪಬೇಡಿ. ಚಿಪ್ಪಿನ ತೂಕಕ್ಕೆ ದರ ಕೇಳಿ, ಊರಿನವರೆಲ್ಲ ಸೇರಿ ಒಂದೇ ದರ ಹೇಳಿ.