ಹೋರಿಯಿಲ್ಲದ ಹಟ್ಟಿ

(ಕುಂದಾಪುರದ ಕೃಷಿಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನಮಗೆ 'ಗಂಟಿ' ಎಂದರೆ ಸಾಕಿತ್ತು, ತಳಿಯ ಹೆಸರು ಬೇಕಿರಲಿಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈ ದನವನ್ನು 'ಮಲೆನಾಡು ಗಿಡ್ಡ' ಎಂದು ನೋಂದಾಯಿಸಿದ ಬಳಿಕ ಅದಕ್ಕೊಂದು ಮಾನ ಬಂದಿದೆ. ಸಂತೋಷ. ಆದರೆ ಹೆಸರು ಒಂದಾದ ಮಾತ್ರಕ್ಕೆ ಒಳಗಿನ ದನಗಳೂ ಒಂದೇ ಎಂಬ ಭ್ರಮೆ ಬೇಡ. ಉತ್ತರ ಕನ್ನಡದಿಂದ ಕೊಡಗಿನವರೆಗೆ ಹರಡಿರುವ ತಳಿಯಿದು. ಘಟ್ಟದ ಮೇಲೆ ಕಾಡಿನೊಳಗೆ ಮೇದ ದನವೂ, ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಲ್ಲಿ ನೆನೆದು, ಬೇಸಿಗೆಯಲ್ಲಿ ಮುರಕಲ್ಲಿನ ಗುಡ್ಡೆಯ ಒಣಹುಲ್ಲಿನಲ್ಲಿ ದಿನ ಕಳೆದ ನಮ್ಮ ಕರಾವಳಿಯ ದನವೂ ತಲೆಮಾರುಗಳಿಂದ ಬೇರೆ ಬೇರೆ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿವೆ. ದಕ್ಷಿಣದ ಗಡಿಯಾಚೆ ಕಾಸರಗೋಡು ಗಿಡ್ಡ ಬೇರೊಂದು ಕವಲು.

ಈಗ ಎಲ್ಲರೂ ಹಸುಗಳನ್ನು ಎಣಿಸುತ್ತಿದ್ದಾರೆ. ನಾನು ಹೋರಿಗಳನ್ನು ಎಣಿಸಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಹಿಂಡಿನ ನಿಜವಾದ ಗಾತ್ರವನ್ನು ಅಳೆಯಲು ತಳಿಶಾಸ್ತ್ರಜ್ಞರು ಒಂದು ಸರಳ ಲೆಕ್ಕ ಹಾಕುತ್ತಾರೆ. ಹೋರಿಗಳ ಸಂಖ್ಯೆಯನ್ನು ಹಸುಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕು ಪಟ್ಟು ಮಾಡಿ, ಎರಡರ ಮೊತ್ತದಿಂದ ಭಾಗಿಸುವುದು. ನೂರು ಹಸುಗಳಿಗೆ ಒಂದೇ ಹೋರಿಯಾದರೆ ಉತ್ತರ ನಾಲ್ಕಕ್ಕೂ ಕಡಿಮೆ. ಅಂದರೆ ಕಣ್ಣಿಗೆ ನೂರೊಂದು ಕಂಡರೂ ರಕ್ತದ ಲೆಕ್ಕದಲ್ಲಿ ಅಲ್ಲಿರುವುದು ನಾಲ್ಕು ಪ್ರಾಣಿ. ಹಸುಗಳನ್ನು ಇನ್ನೂರಕ್ಕೆ ಏರಿಸಿ ನೋಡಿ, ಉತ್ತರ ನಾಲ್ಕನ್ನು ದಾಟುವುದಿಲ್ಲ! ಅಂಥ ಹಿಂಡಿನಲ್ಲಿ ಪ್ರತಿ ತಲೆಮಾರಿಗೂ ಒಳಸಂಬಂಧ ಶೇ. 12ರಷ್ಟು ಏರುತ್ತದೆ. ಹಸು ಗಬ್ಬ ನಿಲ್ಲದಿರುವುದು, ಕರು ಸೊರಗುವುದು, ರೋಗಕ್ಕೆ ಬೇಗ ತುತ್ತಾಗುವುದು ಇದರ ಫಲ. ವರ್ಷಕ್ಕೊಂದು ಕರು ಹಾಕುವುದರಿಂದ 'ವರ್ಷಗಂಧಿ' ಎನಿಸಿಕೊಂಡ ದನಕ್ಕೆ ಇದಕ್ಕಿಂತ ದೊಡ್ಡ ಅವಮಾನವುಂಟೆ?

ಹಿಂದೆ ಈ ಲೆಕ್ಕವನ್ನು ಗುಡ್ಡೆಯೇ ನೋಡಿಕೊಳ್ಳುತ್ತಿತ್ತು. ಹತ್ತು ಮನೆಯ ಗಂಟಿ ಹಾಡಿಯಲ್ಲಿ ಒಟ್ಟಿಗೆ ಮೇಯುತ್ತಿದ್ದವು. ಯಾರ ಹಸುವಿಗೆ ಯಾರ ಹೋರಿ ಎಂದು ಕೇಳಿದವರಿಲ್ಲ. ಗುಡ್ಡೆಗಳಿಗೆ ಅಕೇಶಿಯಾ ಬಂತು, ಜಡ್ಕಲ್, ಮುದೂರುಗಳ ಕಡೆ ರಬ್ಬರ್ ಬಂತು, ಗದ್ದೆಗೆ ಟಿಲ್ಲರ್ ಬಂತು. ಜೆರ್ಸಿ, ಹೋಲ್‌ಸ್ಟೀನ್ ವೀರ್ಯದ ಕಡ್ಡಿ ಮನೆಬಾಗಿಲಿಗೇ ಬಂತು. ಉಳಲು ಬೇಡವಾದ ಗಂಡುಕರುವನ್ನು ನಾವು ಕೊಟ್ಟು ಕಳುಹಿಸಿದೆವು. ನಮ್ಮ ಹಟ್ಟಿಯಿಂದಲೂ ಹೋಗಿವೆ. ಅನ್ಯರನ್ನು ದೂರುವ ಅರ್ಹತೆ ನನಗಿಲ್ಲ.

ಉಳಿದ ಕೆಲವನ್ನು ಸಾಕುವವರಲ್ಲೂ 'ಕಪಿಲೆಯೇ ಬೇಕು' ಎಂದು ಬಣ್ಣ ನೋಡಿ ಆರಿಸುವ ಚಟ ಹಬ್ಬಿದೆ. ಭಕ್ತಿಯ ಬಗೆಗೆ ನನ್ನ ತಕರಾರಿಲ್ಲ. ಆದರೆ ಕಪ್ಪು ದನವನ್ನು ಬಿಟ್ಟಾಗ ಬಣ್ಣದೊಡನೆ ಇನ್ನೇನೇನು ಹೋಯಿತೆಂದು ಬಲ್ಲವರು ಯಾರು?

ಕೇರಳದ ವೆಚ್ಚೂರು ದನ ಮುಗಿದೇ ಹೋಯಿತೆನ್ನುವಾಗ, 1989ರಲ್ಲಿ ಡಾ. ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಅಲೆದು ಬೆರಳೆಣಿಕೆಯ ದನಗಳನ್ನು ಹುಡುಕಿ ತಂದರು. ನಮಗಿನ್ನೂ ಆ ಗತಿ ಬಂದಿಲ್ಲ.

ಒಂದು ತಳಿ ಸುರಕ್ಷಿತವಾಗಿರಲು ಆ ಲೆಕ್ಕದ ಉತ್ತರ ಕನಿಷ್ಠ 50 ಇರಬೇಕೆಂಬುದು ರೂಢಿಯ ಮಾತು. ನೂರು ಹಸುಗಳಿಗೆ 15 ಹೋರಿಗಳಿದ್ದರೆ ಅಷ್ಟಾಗುತ್ತದೆ. ಯಾವ ಗೋಶಾಲೆಯೂ ಅಷ್ಟನ್ನು ಸಾಕಲಾರದು, ಮೂರು ತಾಲೂಕುಗಳು ಸೇರಿದರೆ ಸಾಕಬಹುದು. ಕೊರತೆ ಬಿತ್ತೆಂದು ಕೂಡಲೇ ಘಟ್ಟದ ಮೇಲಿನಿಂದ ಹೋರಿ ತರುವುದು ಬೇಡ; ಇಲ್ಲಿಯದೆಂಬುದು ಅದರಲ್ಲಿ ಕರಗಿ ಹೋದೀತು. ಮೊದಲು ಕೊಲ್ಲೂರಿನ ಹೋರಿ ಬ್ರಹ್ಮಾವರಕ್ಕೆ ಬರಲಿ, ಬ್ರಹ್ಮಾವರದ್ದು ಶಂಕರನಾರಾಯಣಕ್ಕೆ ಹೋಗಲಿ, ಎರಡು ಮೂರು ವರ್ಷಕ್ಕೊಮ್ಮೆ ಸ್ಥಾನ ಬದಲಿಸಲಿ.

ಇಂದು ಹೊರಡುವ ಮುನ್ನ ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಬರೆದು ಹೋಗಿ: ನಿಮ್ಮ ಹಟ್ಟಿಯಲ್ಲಿ ಬೀಜ ಒಡೆಯದ ಊರ ಹೋರಿ ಇದೆಯೆ, ವಯಸ್ಸೆಷ್ಟು, ಬಣ್ಣ ಯಾವುದು, ತಾಯಿ ಯಾವ ಮನೆಯದು.