ಡಬ್ಬಿಯೊಳಗಿನ ಆನೆ

ನಾವು ಚಿಕ್ಕವರಿದ್ದಾಗ ಶೆಟ್ಟರ ಅಂಗಡಿಗೆ ಸಾಮಾನು ತರಲು ಹೋದರೆ ಕೊಸರು ಸಿಗುತ್ತಿತ್ತು. ಒಂದು ಚೂರು ಬೆಲ್ಲ, ಇಲ್ಲವೇ ಒಂದು ಹಿಡಿ ಹುರಿಗಡಲೆ. ಕೊಟ್ಟ ಕೈ ಯಾರದೆಂದು ನಮಗೆ ಗೊತ್ತಿತ್ತು. ನಮ್ಮ ಮನೆಯ ಕಷ್ಟ ಶೆಟ್ಟರಿಗೂ ಗೊತ್ತಿತ್ತು.

ಆಮೇಲೆ ಕೊಸರು ಡಬ್ಬಿಯೊಳಗೆ ಸೇರಿತು. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾದ ಬಿನಾಕಾ ಗೀತಮಾಲಾ ಹಿರಿಯರಿಗೆ ನೆನಪಿರಬಹುದು. ಅದೇ ಹೆಸರಿನ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಬೆರಳ ಗೆಣ್ಣಿನಷ್ಟು ಪ್ಲಾಸ್ಟಿಕ್ ಪ್ರಾಣಿ ಬರುತ್ತಿತ್ತು. ಒಂದು ಆನೆ ನನ್ನ ಬಳಿ ಈಗಲೂ ಇದೆ, ಸೊಂಡಿಲ ತುದಿ ಸವೆದಿದೆ. ಹಲ್ಲು ಮನೆಮಂದಿಯೆಲ್ಲ ಉಜ್ಜುತ್ತಿದ್ದರು, ಆದರೆ ಯಾವ ಪೇಸ್ಟ್ ಬೇಕೆಂದು ಹೇಳುವ ಬಾಯಿ ಮಗುವಿನದಾಯಿತು. ಮಕ್ಕಳ ಹಠದಲ್ಲಿ ಲಾಭವಿದೆಯೆಂದು ವ್ಯಾಪಾರಕ್ಕೆ ತಿಳಿದುಹೋಗಿತ್ತು.

1967ರಲ್ಲಿ ವಿವಿಧ ಭಾರತಿ ಜಾಹೀರಾತಿಗೆ ಬಾಗಿಲು ತೆರೆಯಿತು, 1976ರಲ್ಲಿ ದೂರದರ್ಶನ. ಎಂಬತ್ತರ ದಶಕದಲ್ಲಿ ಟೀವಿಗೆ ಬಣ್ಣ ಬಂತು, ಜಾಹೀರಾತಿನಲ್ಲಿ ಶರಬತ್ತಿನ ಲೋಟ ಹಿಡಿದ ರಸ್ನಾ ಹುಡುಗಿ ಮನೆಮನೆಗೂ ಪರಿಚಯವಾದಳು. ಅಮ್ಮನನ್ನು ಒಪ್ಪಿಸಬೇಕಿದ್ದ ಮಾತು ಈಗ ಮಗುವಿನಿಂದ ಮಗುವಿಗೇ ಹೋಗುತ್ತಿತ್ತು. 1995ರಲ್ಲಿ ಕಾರ್ಟೂನಿಗೆಂದೇ ಒಂದು ಚಾನೆಲ್ ಬಂತು.

ಮಕ್ಕಳತ್ತ ತಿರುಗಿದ ಜಾಹೀರಾತನ್ನು ತಡೆಯಲು ನೋಡಿದವರಿದ್ದರು. 1978ರಲ್ಲಿ ಅಮೆರಿಕದ ವಾಣಿಜ್ಯ ಆಯೋಗ ತೀರಾ ಎಳೆಯ ಮಕ್ಕಳಿಗೆ ಟೀವಿ ಜಾಹೀರಾತೇ ಬೇಡವೆಂಬ ಪ್ರಸ್ತಾಪ ಇಟ್ಟಿತು. ಉದ್ಯಮಗಳು ತಿರುಗಿಬಿದ್ದವು, 1980ರಲ್ಲಿ ಅಲ್ಲಿನ ಸಂಸತ್ತು ಆಯೋಗದ ಕೈಯನ್ನೇ ಕಟ್ಟಿತು. ಅದೇ ವರ್ಷ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹದಿಮೂರು ತುಂಬದ ಮಕ್ಕಳನ್ನು ಗುರಿಯಾಗಿಸುವ ಜಾಹೀರಾತಿನ ನಿಷೇಧ ಜಾರಿಗೆ ಬಂತು. ಆಟಿಕೆ ಕಂಪನಿಯೊಂದು ಕೋರ್ಟಿಗೆ ಹೋಯಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕಾನೂನನ್ನೇ ಎತ್ತಿಹಿಡಿಯಿತು. ಕಥೆ ಯಾವುದು, ಮಾರಾಟ ಯಾವುದು ಎಂದು ಅರಿಯದ ಮಗುವಿನ ಮುಂದೆ ವಾಕ್‌ಸ್ವಾತಂತ್ರ್ಯವೂ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಈ ತೀರ್ಪು ನನಗೆ ತುಂಬ ದೊಡ್ಡದೆನಿಸುತ್ತದೆ.

2022ರಲ್ಲಿ ನಮ್ಮಲ್ಲೂ ಅಂಥ ಮಾತು ಕೇಳಿಬಂತು. ಕೊಳ್ಳದಿದ್ದರೆ ನೀನು ಕೀಳು ಎಂಬ ಭಾವ ಮಕ್ಕಳಲ್ಲಿ ಹುಟ್ಟಿಸಬಾರದು, ಅಪ್ಪ ಅಮ್ಮನನ್ನು ಒಪ್ಪಿಸು ಎಂದು ಅವರಿಗೆ ಹೇಳಬಾರದು, ಮಕ್ಕಳ ಚಾನೆಲ್ಲಿನಲ್ಲಿ ಚಿಪ್ಸ್, ಸೋಡಾ ಮಾರಬಾರದು ಎಂದು ಕೇಂದ್ರದ ಮಾರ್ಗಸೂಚಿ ಹೇಳಿತು. ಅಷ್ಟರಲ್ಲಿ ಮಕ್ಕಳು ಟೀವಿ ಬಿಟ್ಟು ಫೋನು ಹಿಡಿದಾಗಿತ್ತು.

ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗಿ ಊಟದ ಹೊತ್ತಿಗೆ ಫೋನಿನಲ್ಲಿ ಒಂದೇ ವಿಡಿಯೋ ನೋಡುತ್ತಾಳೆ: ಇನ್ನೊಂದು ಮಗು ಆಟಿಕೆಯ ಡಬ್ಬಿ ಬಿಚ್ಚುವುದು. ಅದೂ ಜಾಹೀರಾತೆಂದು ಅವಳ ಅಮ್ಮನಿಗೂ ಹೊಳೆದಿರಲಿಲ್ಲ. ಮೊನ್ನೆ ನನ್ನ ಆನೆಯನ್ನು ಅವಳ ಅಂಗೈಯಲ್ಲಿಟ್ಟೆ. ಅತ್ತಿತ್ತ ತಿರುಗಿಸಿ ನೋಡಿದಳು. "ಇದರ ಡಬ್ಬಿ ಎಲ್ಲಿ?" ಎಂದಳು.